ಗೆಲಾಕ್ಸಿಯ ಸುತ್ತ ಕಂಡ ಪ್ರಭಾವಳಿ ನಿಜವೇ? ಕ್ಷ-ಕಿರಣ ದತ್ತಾಂಶದ ದೋಷ ನಿವಾರಣೆ

ಲಕ್ಷಣ

ಅಂಚಿನ ಕಡೆಯಿಂದ ಕಾಣುವ ತಟ್ಟೆಯಾಕಾರದ ಗೆಲಾಕ್ಸಿಯೊಂದರ ಕ್ಷ-ಕಿರಣ ದತ್ತಾಂಶವನ್ನು ಇಳಿಸಿಕೊಂಡಿದ್ದೀರಿ. ಅಂತರಿಕ್ಷದಲ್ಲಿರುವ ಚಂದ್ರಾ ಕ್ಷ-ಕಿರಣ ದೂರದರ್ಶಕದ್ದೋ, ಅಂತಹುದೇ ಇನ್ನೊಂದಾದ ಎಕ್ಸ್‌ಎಂಎಂ-ನ್ಯೂಟನ್‌ನದ್ದೋ ಇರಬಹುದು; ಎರಡರ ಹಳೆಯ ದತ್ತಾಂಶವೂ ಯಾರಿಗೆ ಬೇಕಾದರೂ ಉಚಿತವಾಗಿ ಸಿಗುತ್ತದೆ. ಸಂಸ್ಕರಣೆ ಮುಗಿದಿದೆ. 0.3ರಿಂದ 2 ಕಿಲೋ ಎಲೆಕ್ಟ್ರಾನ್ ವೋಲ್ಟ್ (ಕ್ಷ-ಕಿರಣದ ಶಕ್ತಿಯ ಅಳತೆ, ಇನ್ನು ಮುಂದೆ ಕೆಇವಿ) ಶಕ್ತಿಪಟ್ಟಿಯ ಚಿತ್ರವನ್ನು ನಯಗೊಳಿಸಿ ತೆರೆದರೆ ತಟ್ಟೆಯ ಮೇಲೂ ಕೆಳಗೂ ಮಸುಕಾದ ಬೆಳಕು, ದೇವರ ವಿಗ್ರಹದ ಹಿಂದಿನ ಪ್ರಭಾವಳಿಯಂತೆ. ಹಿನ್ನೆಲೆಯನ್ನು, ಅಂದರೆ ಗೆಲಾಕ್ಸಿಯದಲ್ಲದ ಬೆಳಕು ಮತ್ತು ಕಣಗಳ ಗುರುತನ್ನು, ಕಳೆದ ಮೇಲೂ ಅದು ಉಳಿದಿದೆ. ಪ್ರಬಂಧದ ಶೀರ್ಷಿಕೆ ಆಗಲೇ ತಲೆಯಲ್ಲಿ ಓಡಾಡುತ್ತಿದೆ.

ಇದನ್ನು ದೋಷದ ಲಕ್ಷಣ ಎಂದೇ ಇಲ್ಲಿ ಹಿಡಿಯುತ್ತೇನೆ. ಪ್ರಭಾವಳಿ ನಿಜವೂ ಇರಬಹುದು. ಆದರೆ ದೋಷವೆಂದು ಹಿಡಿದು ಒಂದೊಂದೇ ಕಾರಣವನ್ನು ತಳ್ಳಿಹಾಕುತ್ತಾ ಹೋಗದೆ ಅದನ್ನು ತಿಳಿಯುವ ದಾರಿಯಿಲ್ಲ.

ನಂಬಿಬಿಡುವ ಆಸೆಗೆ ಕಾರಣವೂ ಇದೆ. ನಮ್ಮ ಆಕಾಶಗಂಗೆಯ ಸುತ್ತ ಹತ್ತು ಲಕ್ಷ ಡಿಗ್ರಿ ಕಾವಿನ ಅನಿಲದ ಹೊದಿಕೆ ಇರಬಹುದೆಂದು ಲೈಮನ್ ಸ್ಪಿಟ್ಜರ್ 1956ರಲ್ಲೇ ಬರೆದಿದ್ದರು. ಗೆಲಾಕ್ಸಿಗಳು ಹುಟ್ಟುವಾಗ ಒಳಕ್ಕೆ ಬೀಳುವ ಅನಿಲ ಕಾದು, ನಿಧಾನವಾಗಿ ತಣಿದು ನಕ್ಷತ್ರಗಳಾಗುತ್ತದೆ ಎಂಬ ಚಿತ್ರವನ್ನು ಸೈಮನ್ ವೈಟ್ ಮತ್ತು ಮಾರ್ಟಿನ್ ರೀಸ್ 1978ರಲ್ಲಿ ಕೊಟ್ಟರು. ಹಾಗಿದ್ದರೆ ದೊಡ್ಡ ಸುರುಳಿ ಗೆಲಾಕ್ಸಿಗಳ ಸುತ್ತ ಆ ಅನಿಲ ಇನ್ನೂ ಇರಬೇಕು, ಮೃದು (ಕಡಿಮೆ ಶಕ್ತಿಯ) ಕ್ಷ-ಕಿರಣದಲ್ಲಿ ಹೊಳೆಯಲೂ ಬೇಕು. ರೋಸ್ಯಾಟ್ ಉಪಗ್ರಹದ ದತ್ತಾಂಶದಲ್ಲಿ ಮೂರು ಗೆಲಾಕ್ಸಿಗಳ ಸುತ್ತ ಹುಡುಕಿದ ತಂಡವೊಂದಕ್ಕೆ 2000ದಲ್ಲಿ ಏನೂ ಸಿಗಲಿಲ್ಲ. ಎಲ್ಲರೂ ಕಾದು ಕುಳಿತಿದ್ದ ವಸ್ತು ಇದು. ಕಾದು ಕುಳಿತವರ ಕಣ್ಣಿಗೆ ಅದು ಬೇಗ ಕಾಣಿಸುತ್ತದೆ, ತೊಂದರೆಯೇ ಅಲ್ಲಿ.

ಎನ್‌ಜಿಸಿ 5746ರ ಕತೆ

ಕನ್ಯಾ ರಾಶಿಯ ದಿಕ್ಕಿನಲ್ಲಿ ಸುಮಾರು 10 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎನ್‌ಜಿಸಿ 5746 ಎಂಬ ಭಾರೀ ಸುರುಳಿ ಗೆಲಾಕ್ಸಿ ಇದೆ. ನಮಗೆ ಅದು ಹೆಚ್ಚುಕಡಿಮೆ ಅಂಚಿನ ಕಡೆಯಿಂದ ಕಾಣುತ್ತದೆ. ಅಲ್ಲಿ ಹೊಸ ನಕ್ಷತ್ರಗಳ ಹುಟ್ಟು ಮಂದ, ಹಾಗಾಗಿ ಸೂಪರ್‌ನೋವಾಗಳು ಅನಿಲವನ್ನು ಕಾಯಿಸಿ ಹೊರಕ್ಕೆ ಊದಿವೆ ಎನ್ನಲು ಬರುವುದಿಲ್ಲ. 2006ರಲ್ಲಿ ಚಂದ್ರಾ ದತ್ತಾಂಶವನ್ನು ನೋಡಿದ ತಂಡವೊಂದು ಇದರ ತಟ್ಟೆಯಿಂದ ಸುಮಾರು 20 ಕಿಲೋಪಾರ್ಸೆಕ್, ಅಂದರೆ 60 ಸಾವಿರಕ್ಕೂ ಹೆಚ್ಚು ಜ್ಯೋತಿರ್ವರ್ಷದವರೆಗೆ ಹರಡಿದ ಬಿಸಿ ಅನಿಲ ಸಿಕ್ಕಿತು ಎಂದು ಪ್ರಕಟಿಸಿತು. ಶಾಂತ ಗೆಲಾಕ್ಸಿಯೊಂದರ ಸುತ್ತ ಇಂತಹ ಮೊದಲ ಪ್ರಭಾವಳಿ ಎಂದು ಸುದ್ದಿಯಾಯಿತು.

2009ರಲ್ಲಿ ಆ ತಂಡದಲ್ಲೂ ಇದ್ದ ಯೆಸ್ಪರ್ ರಾಸ್ಮುಸೆನ್ ಮತ್ತು ಸಂಗಡಿಗರು ಹೊಸ ಕ್ಯಾಲಿಬ್ರೇಷನ್ (ಉಪಕರಣದ ಅಳತೆಯನ್ನು ಸರಿಪಡಿಸುವ ದತ್ತಾಂಶ) ಬಳಸಿ ಅದೇ ಗೆಲಾಕ್ಸಿಯ ವಿಶ್ಲೇಷಣೆಯನ್ನು ಮತ್ತೆ ಮಾಡಿದರು. ಪ್ರಭಾವಳಿ ಮಾಯವಾಯಿತು. ನಮ್ಮ ಹಿಂದಿನ ಹೇಳಿಕೆಗೆ ವ್ಯತಿರಿಕ್ತವಾಗಿ ತಟ್ಟೆಯ ಹೊರಗೆ ಗಣನೀಯವಾದುದು ಏನೂ ಕಾಣುತ್ತಿಲ್ಲ ಎಂದು ಸಾರಾಂಶದಲ್ಲೇ ಬರೆದರು. ಈ ಕ್ಷೇತ್ರದಲ್ಲಿ ನಾನು ಅತ್ಯಂತ ಗೌರವದಿಂದ ಓದಿದ ವಾಕ್ಯ ಅದು. ಗಮನಿಸಿ, ಅಲ್ಲಿ ಬದಲಾದದ್ದು ಗೆಲಾಕ್ಸಿಯಲ್ಲ, ಉಪಕರಣದ ಬಗ್ಗೆ ನಮಗಿದ್ದ ತಿಳಿವಳಿಕೆ.

ಚಿತ್ರ ಮುಚ್ಚಿ, ಎಣಿಕೆ ತೆರೆಯಿರಿ

ಮೊದಲ ಶಂಕಿತ ನಿಮ್ಮ ನಯಗೊಳಿಸುವ ಪ್ರೋಗ್ರಾಂ. ಫೋಟಾನ್ ಕಡಿಮೆ ಇರುವಲ್ಲಿ ಅಗಲ ಕುಂಚ, ಹೆಚ್ಚಿರುವಲ್ಲಿ ಸಣ್ಣ ಕುಂಚ ಎಂಬಂತೆ ತಾನೇ ಹೊಂದಿಸಿಕೊಳ್ಳುವ ವಿಧಾನ ಚಿತ್ರವನ್ನು ಸುಂದರವಾಗಿ ಮಾಡುತ್ತದೆ, ಜೊತೆಗೆ ನಾಲ್ಕು ಒಂಟಿ ಫೋಟಾನ್‌ಗಳನ್ನು ಮೋಡವಾಗಿಯೂ ಮಾಡುತ್ತದೆ. ಪರೀಕ್ಷೆ ಸುಲಭ. ನಯಗೊಳಿಸದ ಮೂಲ ಚಿತ್ರದ ಮೇಲೆ ತಟ್ಟೆಗೆ ಸಮಾಂತರವಾಗಿ ಪಟ್ಟಿಗಳನ್ನು ಎಳೆಯಿರಿ, ಪ್ರತಿ ಪಟ್ಟಿಯಲ್ಲಿ ಎಷ್ಟು ಎಣಿಕೆ (ದಾಖಲಾದ ಫೋಟಾನ್‌ಗಳ ಸಂಖ್ಯೆ), ಹಿನ್ನೆಲೆಯಿಂದ ನಿರೀಕ್ಷೆ ಎಷ್ಟು ಎಂದು ಬರೆದುಕೊಳ್ಳಿ. ಹೆಚ್ಚುವರಿ ಎಣಿಕೆ ನಿರೀಕ್ಷೆಯ ವರ್ಗಮೂಲಕ್ಕಿಂತ ಮೂರು ಪಟ್ಟಾದರೂ ಇಲ್ಲದಿದ್ದರೆ ಇಲ್ಲಿಗೇ ನಿಲ್ಲಿಸಿ ಕಾಫಿ ಕುಡಿಯಬಹುದು. ಅದಕ್ಕಿಂತ ಹೆಚ್ಚಿದ್ದರೂ ಹಿಗ್ಗಬೇಡಿ, ಏಕೆಂದರೆ ಆ ವರ್ಗಮೂಲ ಹಿನ್ನೆಲೆ ನಿಖರವಾಗಿ ಗೊತ್ತಿದೆ ಎಂದು ಭಾವಿಸುತ್ತದೆ. ಪ್ರಭಾವಳಿ ಹಿನ್ನೆಲೆಯ ಹತ್ತರಲ್ಲೊಂದು ಭಾಗವಿದ್ದು ಹಿನ್ನೆಲೆಯ ಅಂದಾಜು ನೂರಕ್ಕೆ ಐದರಷ್ಟು ತಪ್ಪಿದ್ದರೆ ನಿಮ್ಮ ಶೋಧನೆಯ ಅರ್ಧ ಅಲ್ಲೇ ಹೋಯಿತು.

ಪ್ರೋಟಾನ್ ಮಳೆ

ಎಕ್ಸ್‌ಎಂಎಂ-ನ್ಯೂಟನ್ ಸುಮಾರು 48 ಗಂಟೆಗೊಮ್ಮೆ ಸುತ್ತುವ ಉದ್ದನೆಯ ಅಂಡಾಕಾರದ ಕಕ್ಷೆಯಲ್ಲಿದೆ. ದಾರಿಯಲ್ಲಿ ಸಿಗುವ ಕಡಿಮೆ ಶಕ್ತಿಯ ಪ್ರೋಟಾನ್‌ಗಳು ಕನ್ನಡಿಗಳ ಮೇಲೆ ಜಾರಿ, ಕ್ಷ-ಕಿರಣಗಳ ಹಾಗೆಯೇ ಡಿಟೆಕ್ಟರಿಗೆ ಬಂದು ಬೀಳುತ್ತವೆ. (ಚಂದ್ರಾ ಹಾರಿದ ಹೊಸತರಲ್ಲಿ, 1999ರಲ್ಲಿ, ವಿಕಿರಣ ಪಟ್ಟಿಯನ್ನು ದಾಟುವಾಗ ಇದೇ ಬಗೆಯ ಪ್ರೋಟಾನ್‌ಗಳು ಅದರ ಕೆಲವು ಸಿಸಿಡಿಗಳನ್ನು (ಕ್ಯಾಮೆರಾದ ಚಿಪ್‌ಗಳನ್ನು) ಶಾಶ್ವತವಾಗಿ ಹಾಳುಗೆಡವಿದವು.) ಇವು ನೋಟದ ವಲಯದಲ್ಲೆಲ್ಲ ಹರಡಿ, ನಡುವೆ ಸ್ವಲ್ಪ ದಟ್ಟವಾಗಿ ಕಾಣುತ್ತವೆ. ನಡುವೆ ಇರುವುದು ನಿಮ್ಮ ಗೆಲಾಕ್ಸಿ.

ಮೊದಲು 10 ಕೆಇವಿಗಿಂತ ಮೇಲಿನ ಎಣಿಕೆಯನ್ನು ಕಾಲದೊಂದಿಗೆ ಗುರುತು ಹಾಕಿ ನೋಡಿ. ಎಕ್ಸ್‌ಎಂಎಂನ ಪಿಎನ್ ಕ್ಯಾಮೆರಾದಲ್ಲಿ ಸೆಕೆಂಡಿಗೆ 0.4, ಮಾಸ್ ಕ್ಯಾಮೆರಾದಲ್ಲಿ 0.35 ಎಣಿಕೆ ದಾಟಿದ ಹೊತ್ತನ್ನೆಲ್ಲ ಕತ್ತರಿಸುವುದು ವಾಡಿಕೆ. ವಾಡಿಕೆಯಷ್ಟೇ, ವೇದವಾಕ್ಯವಲ್ಲ. ಪ್ರೋಟಾನ್‌ಗಳು ಥಟ್ಟನೆ ಹೆಚ್ಚುವ ಮೃದುವಾದ ಸಿಡಿತಗಳು 10 ಕೆಇವಿ ಮೇಲೆ ತಲೆಯೆತ್ತದೆ ಕೆಳಗೆ ಮಾತ್ರ ಉಬ್ಬುವುದುಂಟು, ಆದ್ದರಿಂದ 2.5ರಿಂದ 8.5 ಕೆಇವಿ ಪಟ್ಟಿಯಲ್ಲೂ ಅದೇ ಗುರುತು ಹಾಕಿ. ಆಮೇಲೆ ಇನ್ನೊಂದು ಪರೀಕ್ಷೆ: ಡಿಟೆಕ್ಟರಿನ ಮೂಲೆಗಳು ಕನ್ನಡಿಗಳ ನೋಟಕ್ಕೆ ಬೀಳುವುದಿಲ್ಲ, ಅಲ್ಲಿ ಕ್ಷ-ಕಿರಣವೂ ಇಲ್ಲ, ಜಾರಿ ಬಂದ ಪ್ರೋಟಾನೂ ಇಲ್ಲ, ಉಪಗ್ರಹದ ಮೈಯನ್ನೇ ತೂರಿ ಬರುವ ಕಾಸ್ಮಿಕ್ ಕಿರಣಗಳ ಗುರುತು ಮಾತ್ರ. ಹೆಚ್ಚು ಶಕ್ತಿಯ ಪಟ್ಟಿಯಲ್ಲಿ ವಲಯದ ಒಳಗಿನ ಹೊಳಪನ್ನು ಮೂಲೆಗಳ ಹೊಳಪಿನಿಂದ ಭಾಗಿಸಿ. ಉತ್ತರ 1.15ಕ್ಕಿಂತ ಕಡಿಮೆ ಇದ್ದರೆ ನೆಮ್ಮದಿ. 1.3 ದಾಟಿದರೆ ಕತ್ತರಿಸಿದ ಮೇಲೂ ಪ್ರೋಟಾನ್‌ಗಳು ಉಳಿದುಕೊಂಡಿವೆ. ಅಂತಹ ವೀಕ್ಷಣೆಯಲ್ಲಿ ಮಸುಕಾದ ಪ್ರಭಾವಳಿಯನ್ನು ಹುಡುಕಲೇಬೇಡಿ. 60 ಸಾವಿರ ಸೆಕೆಂಡಿನ ವೀಕ್ಷಣೆಯಲ್ಲಿ 20 ಸಾವಿರ ಮಾತ್ರ ಉಳಿದಾಗ ಕರುಳು ಚುರುಕ್ ಎನ್ನುತ್ತದೆ, ನಿಜ. ಆದರೂ ಕತ್ತರಿಸಿ.

ದೋಸೆಕಲ್ಲಿನ ತಪ್ಪು

ಇದು ನಾನೇ ಮಾಡಿದ ತಪ್ಪು, ಹಾಗಾಗಿ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಸಂಶೋಧನೆಯ ಮೊದಲ ವರ್ಷ. ಗೆಲಾಕ್ಸಿ ಚಿತ್ರದ ನಟ್ಟನಡುವೆ ಇತ್ತು, ಹಿನ್ನೆಲೆಗೆಂದು ಅಂಚಿನ ಹತ್ತಿರ ಒಂದು ಉಂಗುರವನ್ನು ಆರಿಸಿಕೊಂಡೆ. ಗೆಲಾಕ್ಸಿಯಿಂದ ದೂರ ಇದ್ದಷ್ಟೂ ಹಿನ್ನೆಲೆ ಶುದ್ಧ ಎಂಬ ಲೆಕ್ಕಾಚಾರ. ಉಂಗುರದ ಹೊಳಪನ್ನು ನಡುವಿನಿಂದ ಕಳೆದೆ. ದುಂಡಗಿನ, ಚೆಂದದ ಪ್ರಭಾವಳಿ ಉಳಿಯಿತು. ಎರಡು ತಿಂಗಳು ಅದರ ಉಷ್ಣತೆಯನ್ನು ಅಳೆಯುತ್ತಾ ಕುಳಿತೆ.

ದೋಸೆಕಲ್ಲಿನ ನಡುವೆ ಕಾವು ಹೆಚ್ಚು, ಅಂಚಿನಲ್ಲಿ ಕಡಿಮೆ. ಕ್ಷ-ಕಿರಣ ಕನ್ನಡಿಯೂ ಹಾಗೆಯೇ: ಓರೆಯಾಗಿ ಬರುವ ಕಿರಣಗಳಲ್ಲಿ ಒಂದು ಪಾಲು ಡಿಟೆಕ್ಟರಿಗೆ ತಲುಪುವುದೇ ಇಲ್ಲ. ಇದನ್ನು ವಿನೆಟಿಂಗ್ ಎನ್ನುತ್ತಾರೆ. ಆದರೆ ಕಾಸ್ಮಿಕ್ ಕಿರಣಗಳು ಕನ್ನಡಿಯ ದಾರಿಯಲ್ಲಿ ಬರುವುದಿಲ್ಲ, ಅವು ನಡುವೆಯೂ ಅಂಚಿನಲ್ಲೂ ಹೆಚ್ಚುಕಡಿಮೆ ಒಂದೇ ಸಮ. ಒಂದು ಲೆಕ್ಕ ಮಾಡೋಣ. ನಡುವೆ ಒಂದು ಚದರದಲ್ಲಿ ಆಕಾಶದ ಹಿನ್ನೆಲೆ 60, ಕಣಗಳ ಹಿನ್ನೆಲೆ 40, ಒಟ್ಟು 100 ಎನ್ನಿ. ಗೆಲಾಕ್ಸಿ ಇಲ್ಲವೇ ಇಲ್ಲ ಎಂದೂ ಇಟ್ಟುಕೊಳ್ಳಿ. ಅಂಚಿನಲ್ಲಿ ಕನ್ನಡಿಯ ದಕ್ಷತೆ ನೂರಕ್ಕೆ 65 ಆದರೆ ಆಕಾಶದ ಪಾಲು 39ಕ್ಕೆ ಇಳಿಯುತ್ತದೆ, ಕಣಗಳು 40 ಇದ್ದಲ್ಲೇ ಇರುತ್ತವೆ, ಒಟ್ಟು 79. ನೂರರಲ್ಲಿ 79 ಕಳೆದರೆ 21. ಇಲ್ಲದ ಗೆಲಾಕ್ಸಿಗೆ 21 ಎಣಿಕೆಯ ಪ್ರಭಾವಳಿ!

ಇದನ್ನು ಕಂಡ ಮಾರ್ಗದರ್ಶಕರು ನಕ್ಕು, ವಿನೆಟಿಂಗ್ ಸರಿಪಡಿಸು ಎಂದರು. ನಾನು ಒಟ್ಟು 79ನ್ನೇ 0.65ರಿಂದ ಭಾಗಿಸಿದೆ. ಬಂದದ್ದು 121 ಚಿಲ್ಲರೆ. ಈಗ ನಡುವೆ ಪ್ರಭಾವಳಿಯ ಬದಲು ಹಳ್ಳ. ಕಣಗಳಿಗೆ ಇಲ್ಲದ ಕೊರತೆಯನ್ನು ಅವುಗಳಿಗೂ ತುಂಬಿಕೊಟ್ಟಿದ್ದೆ.

ಸರಿಯಾದ ಕ್ರಮದಲ್ಲಿ ಎರಡು ಹಂತ. ಫಿಲ್ಟರ್ ಚಕ್ರವನ್ನು ಮುಚ್ಚಿ ತೆಗೆದ ದತ್ತಾಂಶ ಎಕ್ಸ್‌ಎಂಎಂಗೆ ಸಿಗುತ್ತದೆ. ಅದರಲ್ಲಿ ಆಕಾಶವಿಲ್ಲ, ಕಣಗಳು ಮಾತ್ರ. ಮೂಲೆಗಳ ಎಣಿಕೆಗೆ ಹೊಂದಿಸಿ ಅದನ್ನು ಮೊದಲು ಕಳೆಯಿರಿ. ಉಳಿದದ್ದನ್ನು ಮಾತ್ರ ಎಕ್ಸ್‌ಪೋಷರ್ ನಕ್ಷೆಯಿಂದ (ಪ್ರತಿ ಜಾಗಕ್ಕೂ ವೀಕ್ಷಣೆಯ ಹೊತ್ತು, ಕನ್ನಡಿಯ ದಕ್ಷತೆ ಎಷ್ಟೆಂದು ತೋರಿಸುವುದು) ಭಾಗಿಸಿ, ಆಮೇಲೆ ಆಕಾಶದ ಹಿನ್ನೆಲೆಯನ್ನು ಕಳೆಯಿರಿ. ಚಂದ್ರಾದಲ್ಲಿ ಮೂಲೆಗಳ ಸೌಕರ್ಯ ಇಲ್ಲ, ಅಲ್ಲಿ ಕ್ಯಾಮೆರಾವನ್ನು ಕನ್ನಡಿಯಿಂದ ಮರೆ ಮಾಡಿ ತೆಗೆದ ದತ್ತಾಂಶವನ್ನು 10 ಕೆಇವಿ ಆಸುಪಾಸಿನ ಎಣಿಕೆಗೆ ಹೊಂದಿಸುತ್ತಾರೆ.

ಇಲ್ಲಿ ಸೇರಿಸಲೇಬೇಕಾದ ಪರೀಕ್ಷೆ ಒಂದಿದೆ, ನನ್ನ ಮಟ್ಟಿಗೆ ಈ ಬರಹದ ಬೇರೆಲ್ಲ ಪರೀಕ್ಷೆಗಳಿಗಿಂತ ಬೆಲೆಯುಳ್ಳದ್ದು. ಹತ್ತಿರದಲ್ಲಿ ಯಾವ ದೊಡ್ಡ ಗೆಲಾಕ್ಸಿಯೂ ಇಲ್ಲದ ಬೇರೊಂದು ವೀಕ್ಷಣೆಯನ್ನು ತನ್ನಿ. ಅದರ ನಡುವೆ ನಿಮ್ಮ ಗೆಲಾಕ್ಸಿ ಇದೆಯೆಂದು ಪ್ರೋಗ್ರಾಂಗೆ ಸುಳ್ಳು ಹೇಳಿ, ಒಂದು ಸಾಲನ್ನೂ ಬದಲಿಸದೆ ಓಡಿಸಿ. ಖಾಲಿ ಆಕಾಶಕ್ಕೂ ಪ್ರಭಾವಳಿ ಬಂದರೆ ಅದರ ತಯಾರಕರು ಯಾರೆಂದು ಗೊತ್ತಾಯಿತಲ್ಲ.

ಸೂರ್ಯನ ಕೈವಾಡ

1996ರ ಮಾರ್ಚ್‌ನಲ್ಲಿ ರೋಸ್ಯಾಟ್ ಹ್ಯಾಕುಟಾಕೆ ಧೂಮಕೇತುವನ್ನು ನೋಡಿದಾಗ ಅದು ಕ್ಷ-ಕಿರಣದಲ್ಲಿ ಹೊಳೆಯುತ್ತಿತ್ತು. ಮಂಜುಗಡ್ಡೆಯ ಮುದ್ದೆಯಿಂದ ಕ್ಷ-ಕಿರಣವೇ ಎಂದು ಎಲ್ಲರಿಗೂ ಅಚ್ಚರಿ. ಕಾರಣ ವಿದ್ಯುದಂಶ ವಿನಿಮಯ: ಸೌರಮಾರುತದಲ್ಲಿ ಬರುವ, ಎಲೆಕ್ಟ್ರಾನ್‌ಗಳನ್ನು ಕಳೆದುಕೊಂಡ ಆಮ್ಲಜನಕದಂತಹ ಅಯಾನುಗಳು ಎದುರಾದ ತಟಸ್ಥ ಪರಮಾಣುವಿನಿಂದ ಎಲೆಕ್ಟ್ರಾನ್ ಕಿತ್ತುಕೊಂಡು ಹೊಳೆಯುತ್ತವೆ. ಭೂಮಿಯ ಸುತ್ತಲಿನ ತೆಳು ಹೈಡ್ರೋಜನ್ ಹೊದಿಕೆಯಲ್ಲೂ ಇದೇ ನಡೆಯುತ್ತದೆ, ಉಪಗ್ರಹ ನೋಡುವುದು ಅದರ ಮೂಲಕ.

ಕಿರಿಕಿರಿ ಏನೆಂದರೆ, ಇದು ಕೊಡುವ 0.57 ಮತ್ತು 0.65 ಕೆಇವಿ ಆಮ್ಲಜನಕ ರೇಖೆಗಳನ್ನೇ (ನಿಗದಿತ ಶಕ್ತಿಯ ಹೊಳಪುಗಳನ್ನೇ) 20–30 ಲಕ್ಷ ಡಿಗ್ರಿಯ ಪ್ರಭಾವಳಿಯೂ ಕೊಡುತ್ತದೆ. ರೋಹಿತದ ಆಕಾರದಿಂದ ಬೇರ್ಪಡಿಸುವುದು ಕಷ್ಟ. ಬೇರೆ ವರ್ಷದ ಖಾಲಿ ಆಕಾಶದ ದತ್ತಾಂಶವನ್ನು ಹಿನ್ನೆಲೆಯಾಗಿ ಬಳಸಿದವರು ಇಲ್ಲಿ ಬೀಳುತ್ತಾರೆ, ಆ ದಿನದ ಸೌರಮಾರುತ ಬೇರೆ, ಈ ದಿನದ್ದು ಬೇರೆ. ಆದರೆ ಗೆಲಾಕ್ಸಿ ಗಂಟೆಗಳಲ್ಲಿ ಬದಲಾಗುವುದಿಲ್ಲ, ಸೌರಮಾರುತ ಬದಲಾಗುತ್ತದೆ. 0.5ರಿಂದ 0.7 ಕೆಇವಿ ಪಟ್ಟಿಯ ಎಣಿಕೆ ಕಾಲದೊಂದಿಗೆ ಏರಿಳಿಯುತ್ತಿದ್ದು, 2.5ರಿಂದ 5ರ ಪಟ್ಟಿ ಸುಮ್ಮನಿದ್ದರೆ ಆರೋಪಿ ಸಿಕ್ಕಂತೆ. ಏಸ್ ಮತ್ತು ವಿಂಡ್ ಉಪಗ್ರಹಗಳ ಸೌರಮಾರುತದ ದಾಖಲೆಯಲ್ಲಿ ಆ ದಿನಾಂಕವನ್ನು ತೆರೆದು ನೋಡಿ. ಬೇರೆ ಋತುವಿನಲ್ಲಿ ತೆಗೆದ ಎರಡನೆಯ ವೀಕ್ಷಣೆ ಇದ್ದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ನಮ್ಮ ಆಕಾಶಗಂಗೆಯ ಸ್ವಂತ ಬಿಸಿ ಅನಿಲವೂ ಇದೇ ರೇಖೆಗಳಲ್ಲಿ ಅಡ್ಡ ನಿಂತಿದೆ. ಗೆಲಾಕ್ಸಿ ದೂರ ಸರಿಯುವುದರಿಂದ ರೇಖೆಗಳ ಶಕ್ತಿ ತಗ್ಗುವ ಕೆಂಪು ಪಲ್ಲಟದಿಂದ ಬೇರ್ಪಡಿಸಬಹುದಲ್ಲ ಎನ್ನಬೇಡಿ: 10 ಕೋಟಿ ಜ್ಯೋತಿರ್ವರ್ಷ ದೂರದ ಗೆಲಾಕ್ಸಿಯ 0.57 ಕೆಇವಿ ರೇಖೆ ಸರಿಯುವುದು ಮೂರು–ನಾಲ್ಕು ಎಲೆಕ್ಟ್ರಾನ್ ವೋಲ್ಟಿನಷ್ಟು, ಸಿಸಿಡಿಯ ಸೂಕ್ಷ್ಮತೆ ಅದಕ್ಕಿಂತ ಹತ್ತಾರು ಪಟ್ಟು ಒರಟು. 2023ರಲ್ಲಿ ಹಾರಿದ ಕ್ರಿಸ್ಮ್ ಎಂಬ ಕ್ಷ-ಕಿರಣ ಉಪಗ್ರಹದ ಉಪಕರಣಕ್ಕೆ ಹೆಚ್ಚುಕಡಿಮೆ ಅಷ್ಟು ಸೂಕ್ಷ್ಮತೆ ಇತ್ತು. ಅದರ ಮುಂದಿನ ರಕ್ಷಣಾ ಬಾಗಿಲು ತೆರೆಯಲಿಲ್ಲ, 1.7 ಕೆಇವಿಗಿಂತ ಕೆಳಗಿನದೆಲ್ಲ ಹೋಯಿತು. ನಮಗೆ ಬೇಕಾದದ್ದು ಪೂರ್ತಿ ಅದರ ಕೆಳಗೇ ಇದೆ.

ನಕ್ಷತ್ರ ಜೋಡಿಗಳು

ಗೆಲಾಕ್ಸಿಯ ತುಂಬ ನ್ಯೂಟ್ರಾನ್ ನಕ್ಷತ್ರ ಅಥವಾ ಕಪ್ಪು ಕುಳಿ ತನ್ನ ಜೊತೆಗಾರ ನಕ್ಷತ್ರದ ಅನಿಲವನ್ನು ಎಳೆದುಕೊಳ್ಳುವ ಜೋಡಿಗಳಿವೆ. ಚಂದ್ರಾದ ಅರ್ಧ ಸೆಕೆಂಡ್ ಕೋನದ (ಒಂದು ಡಿಗ್ರಿಯ 3600ರಲ್ಲೊಂದು ಭಾಗ ಒಂದು ಸೆಕೆಂಡ್ ಕೋನ) ಕಣ್ಣಿಗೆ ಪ್ರಖರವಾದವು ಚುಕ್ಕಿಗಳಾಗಿ ಕಾಣುತ್ತವೆ, ತೆಗೆದುಹಾಕಬಹುದು. ಎಕ್ಸ್‌ಎಂಎಂನಲ್ಲಿ ಒಂದು ಚುಕ್ಕಿಯ ಅರ್ಧ ಬೆಳಕು ಸುಮಾರು 15 ಸೆಕೆಂಡ್ ಕೋನದಷ್ಟು ಅಗಲಕ್ಕೆ ಹರಡುತ್ತದೆ, ಹಾಗಾಗಿ ಮಂದವಾದವು ಒಟ್ಟಾಗಿ ಮಂಜಿನಂತೆ ಕಾಣುತ್ತವೆ. ನಮ್ಮ ಆಸ್ಟ್ರೋಸ್ಯಾಟ್‌ನ ಮೃದು ಕ್ಷ-ಕಿರಣ ದೂರದರ್ಶಕದ ಹರವು ನಿಮಿಷ ಕೋನಗಳ (ತಲಾ 60 ಸೆಕೆಂಡ್ ಕೋನ) ಲೆಕ್ಕದ್ದು, ಅದನ್ನು ಈ ಕೆಲಸಕ್ಕಾಗಿ ಕಟ್ಟಿದ್ದಲ್ಲ.

ಗುರುತು ಹಿಡಿಯುವುದು ಕಷ್ಟವಿಲ್ಲ. 0.3 ಕೆಇವಿಯ ಅನಿಲ, ಅಂದರೆ ಸುಮಾರು 35 ಲಕ್ಷ ಡಿಗ್ರಿಯದ್ದು, 2 ಕೆಇವಿ ಮೇಲೆ ಏನನ್ನೂ ಕೊಡುವುದಿಲ್ಲ ಎನ್ನಬಹುದು. ನಿಮ್ಮ ಪ್ರಭಾವಳಿ 2ರಿಂದ 7ರ ಪಟ್ಟಿಯಲ್ಲೂ ಉಳಿದಿದ್ದರೆ ಅಲ್ಲಿ ನಕ್ಷತ್ರ ಜೋಡಿಗಳಿವೆ, ಇಲ್ಲವೇ ಹಿನ್ನೆಲೆ ತಪ್ಪಿದೆ. ಅದರ ಇಳಿಜಾರು ಅವಕೆಂಪಿನಲ್ಲಿ ಕಾಣುವ ನಕ್ಷತ್ರಗಳ ಇಳಿಜಾರಿಗೆ ಹೊಂದುತ್ತಿದ್ದರೆ ಜೋಡಿಗಳೇ. ಗೆಲಾಕ್ಸಿಯ ಹಿಂದೆ ದೂರದ ಗೆಲಾಕ್ಸಿಗಳ ಗುಚ್ಛವೊಂದು ಅಡಗಿರುವ ಸಾಧ್ಯತೆಯನ್ನೂ ಒಮ್ಮೆ ನೋಡಿಬಿಡಿ. ಅದು ಒಂದೇ ಬದಿಗೆ ಉಬ್ಬಿರುತ್ತದೆ, ಉಷ್ಣತೆಯೂ ಹೆಚ್ಚು ಬರುತ್ತದೆ.

ಫಿಲ್ಟರಿನ ಜಿಡ್ಡು

ಚಂದ್ರಾದ ಕ್ಯಾಮೆರಾದ ಮುಂದೆ ಕಣ್ಣಿಗೆ ಕಾಣುವ ಬೆಳಕನ್ನು ತಡೆಯುವ ತೆಳುವಾದ ಫಿಲ್ಟರ್ ಇದೆ. ಅದರ ಮೇಲೆ 1999ರಿಂದಲೂ ಇಂಗಾಲವೇ ಹೆಚ್ಚಾಗಿರುವ ಜಿಡ್ಡು ಕೂರುತ್ತಾ ಬಂದಿದೆ, ಅದು ಮೃದು ಕ್ಷ-ಕಿರಣವನ್ನು ನುಂಗುತ್ತದೆ. ಎಲ್ಲ ಕಡೆ ಸಮವಾಗಿ ಕೂತಿದ್ದರೆ ಹೊಳಪು ಮಾತ್ರ ತಪ್ಪುತ್ತಿತ್ತು. ಆದರೆ ಅದು ಅಂಚುಗಳಲ್ಲಿ ದಪ್ಪ, ನಡುವೆ ತೆಳು. ಹಳೆಯ ಕ್ಯಾಲಿಬ್ರೇಷನ್ ಕಡತದಲ್ಲಿ ಜಿಡ್ಡಿನ ಅಂದಾಜು ತಪ್ಪಿದ್ದರೆ ನಡುವಿನಿಂದ ಅಂಚಿಗೆ ಇಳಿಯುವ ಸುಳ್ಳು ಹೊಳಪು ಸಿಗುತ್ತದೆ, ಅದೂ ಮೃದು ಪಟ್ಟಿಯಲ್ಲಿ ಮಾತ್ರ, ಥೇಟು ಬಿಸಿ ಅನಿಲದಂತೆ. ಆದ್ದರಿಂದ ಯಾರೋ ಸಂಸ್ಕರಿಸಿಟ್ಟ ಚಿತ್ರವನ್ನು ಬಳಸದೆ ಒಂದೊಂದು ಫೋಟಾನನ್ನೂ ದಾಖಲಿಸಿದ ಮೂಲ ಘಟನಾ ಕಡತದಿಂದ, ಇಂದಿನ ಕ್ಯಾಲಿಬ್ರೇಷನ್‌ನಿಂದ ಆರಂಭಿಸಿ. ಕುತೂಹಲವಿದ್ದರೆ ಹಳೆಯದನ್ನೂ ಬಳಸಿ ಎರಡನ್ನೂ ಹೋಲಿಸಿ. ಎರಡರ ನಡುವಿನ ವ್ಯತ್ಯಾಸ ನಿಮ್ಮ ಪ್ರಭಾವಳಿಯಷ್ಟೇ ದೊಡ್ಡದಿದ್ದರೆ ಮುಂದೆ ಹೇಳಬೇಕಾದದ್ದಿಲ್ಲ.

ಇಷ್ಟೆಲ್ಲ ಆದ ಮೇಲೂ ಉಳಿದರೆ

ಉಳಿಯುತ್ತದೆ, ಕೆಲವೊಮ್ಮೆ. ಎನ್‌ಜಿಸಿ 4631ರ ಸುತ್ತಲಿನ ಬಿಸಿ ಹೊದಿಕೆಯನ್ನು ಚಂದ್ರಾ 2001ರಲ್ಲಿ ತೋರಿಸಿತು, ಅದನ್ನು ಯಾರೂ ಅಳಿಸಿಲ್ಲ. ಆದರೆ ಅಲ್ಲಿ ನಕ್ಷತ್ರಗಳ ಹುಟ್ಟು ಜೋರು, ತಟ್ಟೆಯೇ ಅನಿಲವನ್ನು ಮೇಲಕ್ಕೆ ಚಿಮ್ಮಿಸುತ್ತಿದೆ. ಹೊರಗಿನಿಂದ ಬಿದ್ದ ಅನಿಲವೇ ಬೇಕೆಂದರೆ ಶಾಂತವಾದ, ಬಹು ಭಾರದ ಗೆಲಾಕ್ಸಿಗಳ ಬಳಿಗೆ ಹೋಗಬೇಕು. ಎನ್‌ಜಿಸಿ 1961 ಅಂತಹುದು. ಮೈಕೆಲ್ ಆಂಡರ್ಸನ್ ಮತ್ತು ಜೋಯಲ್ ಬ್ರೆಗ್‌ಮನ್ ಅದರ ನಾಲ್ಕು ಕಾಲುಭಾಗಗಳನ್ನು ಚಂದ್ರಾದಿಂದ ತಲಾ 30 ಸಾವಿರ ಸೆಕೆಂಡು ನೋಡಿ, 40ರಿಂದ 50 ಕಿಲೋಪಾರ್ಸೆಕ್‌ವರೆಗೆ ಹೊಳಪು ಇದೆಯೆಂದು 2011ರಲ್ಲಿ ವರದಿ ಮಾಡಿದರು. ಎಕ್ಸ್‌ಎಂಎಂ-ನ್ಯೂಟನ್ ಕೂಡ ಆಮೇಲೆ ಅದನ್ನು ಕಂಡಿತು. ನಾಲ್ಕು ದಿಕ್ಕು, ಎರಡು ದೂರದರ್ಶಕ: ನನಗೆ ನಂಬಿಕೆ ಬಂದದ್ದು ಅದರಿಂದ.

ಆಮೇಲಿನ ಅಪಾಯ ದ್ರವ್ಯರಾಶಿಯ ಲೆಕ್ಕದಲ್ಲಿದೆ. ಅದೇ ಎನ್‌ಜಿಸಿ 1961ರಲ್ಲಿ 50 ಕಿಲೋಪಾರ್ಸೆಕ್ ಒಳಗೆ ಸುಮಾರು 500 ಕೋಟಿ ಸೂರ್ಯರಾಶಿ ಅನಿಲ ಸಿಕ್ಕಿತು. ಅದೇ ಇಳಿಜಾರನ್ನು 500 ಕಿಲೋಪಾರ್ಸೆಕ್‌ವರೆಗೆ ಎಳೆದಾಗ ಅದು 10 ಸಾವಿರದಿಂದ 30 ಸಾವಿರ ಕೋಟಿಯಾಯಿತು. ಲೇಖಕರು ಇದನ್ನು ಮುಚ್ಚಿಟ್ಟಿಲ್ಲ, ಅಂದಾಜು ಎಂದೇ ಹೇಳಿದ್ದಾರೆ. ದೂರದೊಂದಿಗೆ ಅನಿಲದ ಸಾಂದ್ರತೆ ಇಳಿಯುವ ಬಗೆಯನ್ನು ಬೀಟಾ ಎಂಬ ಸಂಖ್ಯೆಯಿಂದ ಹೇಳುವ ಬೀಟಾ ಮಾದರಿಯಲ್ಲಿ ಬೀಟಾ 0.5 ಆದರೆ ರಾಶಿ ದೂರದ ಒಂದೂವರೆ ಘಾತದಂತೆ ಬೆಳೆಯುತ್ತದೆ. ದೂರ ಹತ್ತು ಪಟ್ಟಾದರೆ ರಾಶಿ ಮೂವತ್ತು ಪಟ್ಟು ದಾಟುತ್ತದೆ, ನೂರರಲ್ಲಿ 97 ಭಾಗ ಯಾರೂ ನೋಡದ ಜಾಗದಲ್ಲಿರುತ್ತದೆ. ಇದರ ಜೊತೆಗೆ ಲೋಹಾಂಶದ (ಹೈಡ್ರೋಜನ್, ಹೀಲಿಯಂ ಬಿಟ್ಟು ಉಳಿದ ಧಾತುಗಳ ಪಾಲಿನ) ತಗಾದೆ: ಈ ಉಷ್ಣತೆಯಲ್ಲಿ ಬೆಳಕಿನ ಬಹುಪಾಲು ಆಮ್ಲಜನಕ, ಕಬ್ಬಿಣಗಳ ರೇಖೆಗಳಿಂದ ಬರುತ್ತದೆ. ಲೋಹಾಂಶವನ್ನು ಸೂರ್ಯನಷ್ಟರಿಂದ ಅದರ ಹತ್ತನೆಯ ಒಂದಕ್ಕೆ ಇಳಿಸಿದರೆ ಅದೇ ಹೊಳಪಿಗೆ ಸುಮಾರು ಮೂರು ಪಟ್ಟು ಅನಿಲ ಬೇಕಾಗುತ್ತದೆ. ಆದ್ದರಿಂದ ಅಳೆದ ದೂರದೊಳಗಿನ ರಾಶಿಯನ್ನು ಒಂದು ಸಾಲಿನಲ್ಲಿ, ಎಳೆದು ಹಿಗ್ಗಿಸಿದ್ದನ್ನು ಬೇರೊಂದು ಸಾಲಿನಲ್ಲಿ, ಲೋಹಾಂಶವನ್ನು ಎರಡರ ಪಕ್ಕದಲ್ಲೂ ಬರೆಯಿರಿ.

ಏನೂ ಉಳಿಯದಿದ್ದರೆ

ಮೂರು ಸಿಗ್ಮಾ ಮೇಲ್ಮಿತಿಯನ್ನು, ಅಂದರೆ ಪ್ರಭಾವಳಿ ಇದ್ದರೂ ಇದಕ್ಕಿಂತ ಹೆಚ್ಚು ಹೊಳೆಯಲಾರದು ಎನ್ನುವ ಮಿತಿಯನ್ನು, ಲೆಕ್ಕ ಹಾಕಿ ಪ್ರಕಟಿಸಿ. ಎನ್‌ಜಿಸಿ 5746ರ ಪ್ರಭಾವಳಿ ಹೋದ ಜಾಗದಲ್ಲಿ ಉಳಿದದ್ದು ಅಂತಹುದೇ ಒಂದು ಸಂಖ್ಯೆ: ಸೆಕೆಂಡಿಗೆ 4×10³⁹ ಅರ್ಗ್, ಸರಿಸುಮಾರು ಹತ್ತು ಲಕ್ಷ ಸೂರ್ಯರಷ್ಟು. ಅದೇ ಪ್ರಬಂಧದಲ್ಲಿ ಹೊಸ ಕಂಪ್ಯೂಟರ್ ಮಾದರಿಗಳನ್ನೂ ಪರೀಕ್ಷಿಸಿದ್ದರು. ಆಕಾಶಗಂಗೆಯಷ್ಟು ದೊಡ್ಡ ಗೆಲಾಕ್ಸಿಗಳಿಗೆ ಹಿಂದೆ ಹೇಳಿದ್ದಕ್ಕಿಂತ ಹೊಳಪಿನ ನಿರೀಕ್ಷೆ ಅರ್ಧಕ್ಕೆ ಇಳಿದಿತ್ತು, ಮೇಲ್ಮಿತಿಗೆ ಅದು ಹೊಂದಿಕೊಂಡಿತು. ಮೇಲ್ಮಿತಿಯ ಪಕ್ಕದಲ್ಲಿ ಕ್ಯಾಲಿಬ್ರೇಷನ್ ಕಡತದ ಆವೃತ್ತಿ ಸಂಖ್ಯೆ, ಕತ್ತರಿಸಿದ ಮೇಲೆ ಉಳಿದ ಸೆಕೆಂಡುಗಳು, ಹಿನ್ನೆಲೆಯನ್ನು ಯಾವ ಜಾಗದಿಂದ ತೆಗೆದಿರಿ ಎಂಬುದು, ಈ ಮೂರೂ ಇರಲಿ. ಮೂರು ವರ್ಷದ ನಂತರ ಹೊಸ ಕಡತ ಬಂದಾಗ ಮತ್ತೆ ಲೆಕ್ಕ ಹಾಕುವವರು ನೀವೇ ಆಗಿರುತ್ತೀರಿ.